ಎರಡನೆಯ ದಿಯೋದಾತಾ

ನಲವತ್ತು ದಿನ ಕಳೆಯುವ ತನಕ ಬಾಣಂತಿ ಇಗರ್ಜಿಯ ಹೊಸ್ತಿಲು ತುಳಿಯುವಂತಿಲ್ಲ. ಹೆತ್ತವಳು ಮನೆಯ ಹಾಸಿಗೆಯಲ್ಲಿ, ಹೆಸರಿಡುವವರು ಇಗರ್ಜಿಯಲ್ಲಿ. ಯಾವ ಜಾಣ ಮಾಡಿದ ನ್ಯಾಯವೋ! ಅದಕ್ಕೇ ತೆಸ್ಸಾ, ನಿನ್ನೆ ಹುಟ್ಟಿದ ಮಗಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡು ಹೊರಟಿದ್ದ ಸೂಲಗಿತ್ತಿ ನೂತಾಳ ತೋಳು ಬಿಡಲೊಲ್ಲಳು.

“ನೂತಕ್ಕಾ, ಪಾದ್ರಿ ಕೇಳಿದಾಗ ಬೇರೆ ಯಾವ ಹೆಸರಾದ್ರೂ ಹೇಳು. ದಿಯೋದಾತಾ ಅಂತ ಮಾತ್ರ ಬೇಡ. ನಿನ್ನ ಕಾಲಿಗೆ ಬೀಳ್ತೀನಿ.”

ದಿಯೋದಾತಾ ಎಂದರೆ ದೇವರು ಕೊಟ್ಟವಳು; ಗಂಡಾದರೆ ದಿಯೋದಾತೊ. ತೆಸ್ಸಾಳ ಚೊಚ್ಚಲು ಮಗಳು. ಹೋದ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡಿದ್ದಳು, ನಾಲ್ಕು ತುಂಬಿರಲಿಲ್ಲ. ಕೊಟ್ಟ ದೇವರಿಗೆ ಕಿತ್ತುಕೊಳ್ಳುವ ಅವಸರ. ಸತ್ತ ಕೂಸಿನ ಹೆಸರನ್ನು ಮುಂದೆ ಹುಟ್ಟಿದ್ದಕ್ಕೆ ಇಡುವುದು ಆ ಊರಿನ ರೂಢಿ. ಸತ್ತವರನ್ನು ಮತ್ತೆ ಮಾಡಿಕೊಳ್ಳುವುದು ಎನ್ನುತ್ತಾರೆ, ಹರಿದ ಅಂಗಿಯನ್ನು ಹೊಲಿದುಕೊಂಡಷ್ಟೇ ಸಲೀಸಾಗಿ. ತೆಸ್ಸಾಳಿಗೋ, ಆ ಹೆಸರು ಮನಸ್ಸಿನಲ್ಲಿ ನೆನೆದರೆ ಸಾಕು, ಗುಳಿಗೆನ್ನೆಯ ನಗುಮುಖ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಮಗಳದೆಂದು ಅವಳಿಗೆ ಉಳಿದದ್ದು ಅದೊಂದೇ.

ಉಣ್ಣೆ ನೂಲುತ್ತ ಕೂತಿದ್ದ ಅತ್ತೆ ಲಾಪಾಳ ಕಿವಿ ಬಲು ಚುರುಕು.

“ಏನೇ ಅದು ಪಿಸಿಪಿಸಿ? ನಿನ್ನ ಗಂಡನೇನು ಮೊದಲನೇ ದಿಯೋದಾತೊ ಅಂದ್ಕೊಂಡ್ಯಾ? ಇವನಿಗಿಂತ ಮುಂಚೆ ಅದೇ ಹೆಸರಿನ ಇಬ್ಬರನ್ನ ಮಣ್ಣು ಮಾಡಿದೀನಿ ನಾನು. ನಾನೇನು ಸತ್ತುಹೋದ್ನಾ? ನಡಿಯೇ ನೂತಾ, ನಾನೂ ಬರ್ತೀನಿ. ಹೆಸರು ನಾನೇ ಹೇಳ್ತೀನಿ.”

ತೆಸ್ಸಾ ಕೂಗಿಕೊಂಡಳು. ಯಾರೂ ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ವಾಪಸು ಬಂದರು. ನೂತಾ ಮುಖ ಕೊಟ್ಟು ಮಾತಾಡದೆ ಮಗುವನ್ನು ಮಡಿಲಿಗಿಟ್ಟು ಹೊರಟುಹೋದಳು.

“ಹಿಡ್ಕೋ, ನಿನ್ನ ದಿಯೋದಾತಾ,” ಎಂದು ಲಾಪಾ ಕೋಳಿ ಸಾರಿನ ಬಟ್ಟಲು ಮುಂದೆ ಚಾಚಿದಳು. “ಕುಡಿ, ಹಾಲು ಬರಬೇಕಲ್ಲ.”

ತೆಸ್ಸಾ ಬಟ್ಟಲು ಮುಟ್ಟಲಿಲ್ಲ. ಅತ್ತೆಯ ಮೇಲಿನ ಸಿಟ್ಟಿಗಿಂತ ದೊಡ್ಡದೊಂದು ಭಯ ಅವಳನ್ನು ಹಿಡಿದಿತ್ತು.

“ಅತ್ತೇ, ಆ ಮೊದಲನೇ ದಿಯೋದಾತೊನ ಮುಖ ನೆನಪಿದೆಯಾ ನಿಮಗೆ?”

ಮುದುಕಿ ಬಟ್ಟಲು ಕೆಳಗಿಟ್ಟು, ಮಂಚದ ಅಂಚಿಗೆ ಕೂತು ಕಣ್ಣೊರೆಸಿಕೊಂಡಳು. ಮದುವೆಯಾಗಿ ಬಂದಂದಿನಿಂದ ತೆಸ್ಸಾ ಅವಳ ಕಣ್ಣಲ್ಲಿ ನೀರು ಕಂಡಿರಲಿಲ್ಲ.

“ಕಣ್ಣು ಮುಚ್ಚಿಕೊಂಡು ಎಷ್ಟು ಸಲ ಕರೆದೆ ಕಣೇ ಆ ಕೂಸನ್ನ,” ಎಂದಳು ಲಾಪಾ. “ಪ್ರತಿ ಸಲ ‘ಏನಮ್ಮಾ’ ಅಂತ ನಿನ್ನ ಗಂಡನೇ ಓಡಿ ಬಂದುಬಿಡ್ತಿದ್ದ.”