ಪರಾತ ಹಿಡಿದ ಕೈ

"ಕಾರಪಾ, ಇನ್ನೊಂದ್ಸಲ ಕಾರು. ಹೊಟ್ಟ್ಯಾಗ ಇಟ್ಕೊಂಡು ಏನ್ ಮಾಡ್ತಿ ಅದನ್ನ?" ಎಂದು ಗುರುಲಿಂಗಮ್ಮ ಸುಲೇಪೇಟದ ಕಿರಾಣಿ ಅಂಗಡಿಯವನ ಬೆನ್ನಿಗೆ ಗುದ್ದುತ್ತಿರುವಾಗಲೇ ಬಾಗಿಲ ಮುಂದೆ ಒಂದು ಟಂಟಂ ಆಟೋ ಬಂದು ನಿಂತಿತು. ಅವಳು ತಲೆ ಎತ್ತಲಿಲ್ಲ. ರವಿವಾರ ಕುರಕುಂಟಾಕ್ಕೆ ಬರುವ ಟಂಟಂಗಳಲ್ಲಿ ಅರ್ಧ ಅವಳ ಮನೆಗೇ ಬರುವಂಥವು. ಒಂದೊಂದನ್ನೂ ನೋಡುತ್ತ ಕೂತರೆ ಕೆಲಸ ಸಾಗೀತೆ?

ಅಂಗಡಿಯವ ಬಳಕ್ಕನೆ ಕಾರಿದ. ಅವನ ಮುಂದೆ ಅಗಲ ಬಾಯಿಯ ಪರಾತ ಹಿಡಿದು ಕೂತವಳು ಅವನ ಹೆಂಡತಿ. ಮುಖ ಒಂದು ಕಡೆ ತಿರುಗಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಗುರುಲಿಂಗಮ್ಮ ಪಕ್ಕದ ಗಡಿಗೆಗೆ ಕೈ ಹಾಕಿ ಒಂದು ಹಿಡಿ ಬೂದಿ ತೆಗೆದು ಪರಾತದ ಮೇಲೆ ಉದುರಿಸಿದಳು. ಬೇವಿನ ಕಡ್ಡಿಯಿಂದ ಕೆದಕಿ, ಮತ್ತೆ ಕೆದಕಿ, ಕಡೆಗೆ ಹುಣಸೆ ಬೀಜದಷ್ಟು ದೊಡ್ಡ ಉಂಡೆಯೊಂದನ್ನು ಕಡ್ಡಿಯ ತುದಿಗೆ ಎತ್ತಿ ಹಿಡಿದಳು. ಕೂದಲು, ಅರಿಶಿನ, ಹಿಟ್ಟು ಎಲ್ಲ ಕೂಡಿ ಗಂಟಾದದ್ದು. ಅಂಗಳದಲ್ಲಿ ಪಾಳಿ ಹಚ್ಚಿ ಕೂತವರೆಲ್ಲ "ಯವ್ವಾ!" ಎಂದು ಬಾಯಿಗೆ ಸೆರಗು ಒತ್ತಿದರು.

ಅದೇ ಮದ್ದು. ಗಂಡಸು ತನ್ನ ಮಾತು ಕೇಳಲಿ ಎಂದು ಮನೆಯ ಹೆಂಗಸು ಊಟದಲ್ಲಿ ಕಲೆಸಿ ಹಾಕುತ್ತಾಳೆ, ಅದು ಹೊಟ್ಟೆಯಲ್ಲಿ ಬೇರು ಬಿಟ್ಟು ಉಂಡದ್ದನ್ನು ಕರಗಗೊಡುವುದಿಲ್ಲ, ಹುಳಿತೇಗು, ಉಬ್ಬರ, ನಿದ್ದೆಗೇಡು ಎಲ್ಲ ಅದರಿಂದಲೇ. ಅಂಗಳಕ್ಕೆ ಬಂದವರಿಗೆಲ್ಲ ಇದು ಗೊತ್ತಿದ್ದ ಮಾತು. ಹಾಕಿದವರು ಯಾರು ಎಂದು ಗುರುಲಿಂಗಮ್ಮ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಆ ಬಗ್ಗೆ ಅವಳಿಗೆ ಹೆಮ್ಮೆ ಬೇರೆ. ಮನೆಯಲ್ಲಿ ಅಡಿಗೆ ಮಾಡುವ ಕೈಯೇ ಪರಾತ ಹಿಡಿಯಬೇಕು ಎಂದು ಒಂದು ನೇಮ ಇಟ್ಟಿದ್ದಳು, ಅಷ್ಟೇ. ಉಂಡೆ ಹೊರಬಂದ ಮೇಲೆ ಆ ಕೈಯ ಕಡೆ ಒಂದು ಸಲ ನೋಡುತ್ತಿದ್ದಳು, ಅಷ್ಟೇ. ಮುಂದಿನದನ್ನು ಬಂದವರೇ ನೋಡಿಕೊಳ್ಳುತ್ತಿದ್ದರು.

ಅವಳ ಅತ್ತೆಯ ಕಾಲದಲ್ಲಿ ಈ ಮನೆಯಲ್ಲಿ ಬರೀ ಪುಡಿ ಕೊಡುತ್ತಿದ್ದರು. ಅಳಲೇಕಾಯಿ, ಓಂಕಾಳು, ಒಣಶುಂಠಿ, ಸೈಂಧವ ಲವಣ, ಹುರಿದ ಇಂಗು. ಮಜ್ಜಿಗೆಯಲ್ಲಿ ಕದಡಿ ಕುಡಿ, ತಂಬಾಕು ಬಿಡು, ಹೊತ್ತಿಗೆ ಸರಿಯಾಗಿ ಉಣ್ಣು. ಗುಣ ಆಗುತ್ತಿತ್ತು, ಸುಳ್ಳೇಕೆ ಹೇಳಬೇಕು. ಆದರೆ ನಿಧಾನಕ್ಕೆ ಆಗುತ್ತಿತ್ತು, ತಪ್ಪು ತಿಂದವನ ತಲೆಗೇ ಬರುತ್ತಿತ್ತು. ಅಂಥ ಔಷಧಕ್ಕೆ ಯಾವ ಗಂಡಸು ಟಂಟಂ ಮಾಡಿಕೊಂಡು ಬರುತ್ತಾನೆ? ಕಾರೆಕಾಯಿಯ ಕಷಾಯ ಕುಡಿಸಿ ಕಾರಿಸುವುದು, ಬೂದಿಯ ಗಡಿಗೆ, ಉಂಡೆ, ಇವೆಲ್ಲ ಗುರುಲಿಂಗಮ್ಮನ ಸ್ವಂತ ಬುದ್ಧಿ. ತನ್ನ ಬಾಚಣಿಗೆಯ ಕೂದಲನ್ನು ಅರಿಶಿನ ಮತ್ತು ಜೋಳದ ಹಿಟ್ಟಿನಲ್ಲಿ ಹೊಸೆದು ಶನಿವಾರವೇ ಬೂದಿಯಲ್ಲಿ ಹುಗಿದಿಡುವಳು. ಬೆರಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಕೈ ಗಡಿಗೆಗೆ ಹೋದರೆ ಸಾಕು, ಉಂಡೆ ತಾನಾಗಿ ಬಂದು ಮುಷ್ಟಿಯಲ್ಲಿ ಕೂಡುತ್ತಿತ್ತು.

ಹೋದ ವರ್ಷ ಚಿತ್ತಾಪುರದ ಕಡೆಯ ನಾಗಿಂದ್ರಮ್ಮ ಎಂಬವಳು ಹೀಗೇ ಪರಾತ ಹಿಡಿದು ಕೂತಿದ್ದಳು. ಉಂಡೆ ಬಂದದ್ದೇ ತಡ, ಮೈದುನ ಚಪ್ಪಲಿ ತೆಗೆದ. "ನಮ್ಮ ಅಂಗಳದಾಗ ಹೊಡದಾಟ ಬ್ಯಾಡ್ರಿ, ಹೊರಗ ಹೋಗ್ರಿ" ಎಂದು ಗುರುಲಿಂಗಮ್ಮ ಗದರಿದ್ದಳು. ಹೊರಗೆ ಏನಾಯಿತೆಂದು ಎದ್ದು ಹೋಗಿ ನೋಡಲಿಲ್ಲ. ನಾಗಿಂದ್ರಮ್ಮ ಈಗ ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುತ್ತಾಳೆ. ಸೇಡಂಗೆ ಹೋದಾಗಲೆಲ್ಲ ಗುರುಲಿಂಗಮ್ಮ ಒಂದು ಸ್ಟಾಪ್ ಮೊದಲೇ ಇಳಿದುಬಿಡುತ್ತಾಳೆ.

ಕೈ ತೊಳೆದುಕೊಂಡು ತಲೆ ಎತ್ತಿದರೆ ಬಾಗಿಲಲ್ಲಿ ನಿಂತವಳು ಮಗಳು ಶಿವರಂಜನಿ! ಜೊತೆಗೆ ಅಳಿಯ ಸಿದ್ಧಲಿಂಗ, ಅವನ ತಾಯಿ ಬಸವೇಶ್ವರಿ. ಭಂಕೂರದಿಂದ ಇಷ್ಟು ದೂರ, ಹೇಳದೆ ಕೇಳದೆ. ಟಂಟಂನ ಹಿಂದಿನ ಸೀಟಿನಲ್ಲಿ ಮದುವೆಯಲ್ಲಿ ತಾನೇ ಕೊಡಿಸಿದ ಕೆಂಪು ಸೂಟ್‌ಕೇಸ್ ಕಾಣಿಸಿತು. ಮಗಳು ನಾಕು ದಿನ ಇರಲಿಕ್ಕೆ ಬಂದಳು ಎಂದು ಗುರುಲಿಂಗಮ್ಮನ ಜೀವ ಅರಳಿತು.

"ಬರ್ರಿ ಬೀಗ್ತೇರ, ಒಳಗ ಬರ್ರಿ. ಒಂದು ಫೋನರ ಮಾಡಬಾರದೇನ್ರಿ? ಹೋಳಿಗಿ ಮಾಡಿಸಿ ಇಡ್ತಿದ್ದೆ."

"ಹೋಳಿಗಿ ಉಣ್ಣಾಂಗಿದ್ರ ಇಲ್ಲಿಗ್ಯಾಕ ಬರ್ತಿದ್ವಿರಿ?" ಎಂದ ಬಸವೇಶ್ವರಿ ಒಳಗೆ ಬರಲಿಲ್ಲ. ಅಂಗಳದ ಸಾಲಿನಲ್ಲೇ ಮಂದಿಯನ್ನು ಸರಿಸಿ ಮಗನನ್ನು ಕೂಡಿಸಿದಳು. "ನಾವೂ ಪಾಳಿ ಹಚ್ಚೀವಿ. ನನ್ನ ಮಗನ ಹೊಟ್ಟ್ಯಾಗಿಂದು ತಗೀರಿ."

ಗುರುಲಿಂಗಮ್ಮ ಮಗಳ ಮುಖ ನೋಡಿದಳು. ಶಿವರಂಜನಿ ಸೊರಗಿದ್ದಳು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಆದರೆ ಆ ಕಣ್ಣಲ್ಲಿ ಅಂಜಿಕೆ ಇರಲಿಲ್ಲ. ಸಣ್ಣವಳಿದ್ದಾಗ, ಅವ್ವ ಉದುರಿದ ಕೂದಲನ್ನು ಡಬ್ಬಿಯಲ್ಲಿ ಎತ್ತಿಡುವುದು ಯಾಕೆಂದು ಕೇಳಿ ಬೆನ್ನಿಗೆ ಏಟು ತಿಂದವಳು ಅವಳು. ಅವ್ವನ ಕೈಚಳಕ ಗೊತ್ತಿದ್ದವಳು. ಊರವರಿಗೆಲ್ಲ ಮಾಡಿದ್ದನ್ನು ಅವ್ವ ನನಗೆ ಮಾಡಲಾರಳು ಎಂಬ ಧೈರ್ಯದ ಮೇಲೆ ಬಂದು ನಿಂತಿದ್ದಳು, ಪಾಪ.

"ಅಳಿಯಂದ್ರಿಗಿ ಅಜೀರ್ಣ ಆಗ್ಯಾದರಿ, ಮತ್ತೇನಿಲ್ಲ," ಎಂದು ಗುರುಲಿಂಗಮ್ಮ ದನಿ ತಗ್ಗಿಸಿದಳು. "ಸಿಮೆಂಟ್ ಫ್ಯಾಕ್ಟರಿ ರಾತ್ರಿಪಾಳಿ, ಗುಟಕಾ, ಗೇಟಿನ ಮುಂದಿನ ಮಿರ್ಚಿಭಜಿ. ಕಲ್ಲಿನ ಹೊಟ್ಟಿ ಇದ್ರೂ ಕೆಡ್ತದ. ನಮ್ಮ ಅತ್ತಿ ಕಲಿಸಿದ ಪುಡಿ ಕೊಡ್ತೀನಿ. ಮಜ್ಜಿಗ್ಯಾಗ ಹಾಕಿ ಕುಡೀಲಿ."

"ಕೇಳ್ರಪಾ ಎಲ್ಲಾರೂ!" ಬಸವೇಶ್ವರಿ ಎದ್ದು ನಿಂತಳು. "ಊರ ಮಂದಿಗೆಲ್ಲ ಕಷಾಯ, ಅಳಿಯಗ ಪುಡಿ ಅಂತ! ಕಲಬುರಗಿ ದವಾಖಾನ್ಯಾಗ ಹೊಟ್ಟಿಗಿ ನಳಗಿ ಇಳಿಸಿ ನೋಡ್ಯಾರ. ಏನೂ ಇಲ್ಲ ಅಂದ್ರು. ಏನೂ ಇಲ್ಲಂದ್ರ ನಗಾರಿ ಹಂಗ ಯಾಕ ಉಬ್ಬತದ? ಮದಿವಿಗಿ ಮೊದಲ ನನ್ನ ಮಗ ಏನ್ ತಿಂದ್ರೂ ಕರಗಸ್ತಿದ್ದ. ಈಗ ಪಗಾರ ತಂದು ಹೆಂಡ್ತಿ ಕೈಯಾಗ ಇಡ್ತಾನ. ಅಕಿ ಕುಂದ್ರು ಅಂದ್ರ ಕುಂದರ್ತಾನ, ನಿಂದ್ರು ಅಂದ್ರ ನಿಂದರ್ತಾನ. ಇದು ಮಿರ್ಚಿಭಜಿ ಮಾಡೋ ಕೆಲಸೇನ್ರಿ?"

ಅಂಗಳದಲ್ಲಿ ಗುಜುಗುಜು ಎದ್ದಿತು. ಸಾಲಿನಲ್ಲಿ ಮುಂದೆ ಇದ್ದ ಮುದುಕ ಬಸವಂತರಾಯ, ಚಿಂಚೋಳಿ ಕಡೆಯವನು, ಕೋಲು ನೆಲಕ್ಕೆ ಕುಟ್ಟಿದ. "ಖರೇ ಅದ. ನಾ ಆಮ್ಯಾಲ ಮಾಡಿಸ್ಕೋತೀನಿ. ಮೊದಲ ಹುಡುಗಂದು ತಗಿ, ಗುರುಲಿಂಗವ್ವ. ನಿನ್ನ ಕೈ ಸುಳ್ಳಾಗಲ್ಲ." ಅವನ ಹಿಂದೆ ಕೂತಿದ್ದ ಎಳೆ ಪ್ರಾಯದ ಸೊಸೆ ನೆಲ ನೋಡುತ್ತ ಕೂತಿದ್ದಳು.

ಇನ್ನು ತಪ್ಪಿಸಿಕೊಳ್ಳಲು ದಾರಿ ಎಲ್ಲಿ? ಕಷಾಯ ಬಂತು. ಸಿದ್ಧಲಿಂಗ ಮೂಗು ಹಿಡಿದು ಕುಡಿದ. ಶಿವರಂಜನಿ ಯಾರೂ ಹೇಳುವ ಮುಂಚೆಯೇ ಪರಾತ ತೊಳೆದು ತಂದು ಗಂಡನ ಮುಂದೆ ಕೂತಳು.

ಸಿದ್ಧಲಿಂಗ ಕಾರಿದ. ಕಣ್ಣಲ್ಲಿ ನೀರು ಬರುವ ಹಾಗೆ, ಕರುಳೇ ಬರುವ ಹಾಗೆ ಕಾರಿದ. ಬರೀ ಬೂದಿ ತೆಗೆದುಕೊಳ್ಳಬೇಕು, ಬರೀ ಬೂದಿ, ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತ ಗುರುಲಿಂಗಮ್ಮ ಗಡಿಗೆಗೆ ಕೈ ಹಾಕಿದಳು. ದರಿದ್ರ ಬೆರಳು ಕೇಳಬೇಕಲ್ಲ! ಉಂಡೆ ಬಂದು ಅಂಗೈಯಲ್ಲಿ ಕೂತೇಬಿಟ್ಟಿತು. ಮತ್ತೆ ಗಡಿಗೆಗೆ ಕೈ ಹಾಕಿದರೆ ನೋಡಿದವರು ಏನೆಂದಾರು? ಅವಳು ಮುಷ್ಟಿ ಬಿಗಿಹಿಡಿದು ಬೂದಿಯನ್ನಷ್ಟೇ ಬೆರಳ ಸಂದಿಯಿಂದ ಉದುರಿಸಿದಳು. ಎಡಗೈಯಿಂದ ಕಡ್ಡಿ ಹಿಡಿದು ಕೆದಕಿದಳು.

"ಏನಿಲ್ಲ," ಎಂದಳು. "ನೋಡ್ರಿ, ಏನೂ ಇಲ್ಲ. ನನ್ನ ಮಗಳು ಏನೂ ಹಾಕಿಲ್ಲ."

"ಹಗುರ ಆತವ್ವ," ಎಂದ ಸಿದ್ಧಲಿಂಗ ಬಾಯಿ ಒರೆಸಿಕೊಳ್ಳುತ್ತ. ಮದುವೆಯಾದಂದಿನಿಂದ ಅತ್ತೆಯ ಮುಂದೆ ಅವನು ಆಡಿದ ಮೊದಲ ಮಾತು ಅದೇ ಇರಬೇಕು. "ಭಾಳ ಹಗುರ ಆಗ್ಯಾದ. ಏನೋ ಹೋದಂಗ ಆತು."

ಆಗ ಬಸವೇಶ್ವರಿ ನಿಧಾನವಾಗಿ ಹತ್ತಿರ ಬಂದಳು. ಪರಾತ ನೋಡಲಿಲ್ಲ, ಕಡ್ಡಿ ನೋಡಲಿಲ್ಲ. ಬೀಗತಿಯ ಬಲಗೈಯನ್ನೇ ನೋಡಿದಳು.

"ಆಗ ಬಲಗೈಲೆ ಕೆದಕಿದ್ರಿ, ಈಗ್ಯಾಕ ಎಡಗೈ, ಬೀಗ್ತೇರ? ಮುಷ್ಟಿ ಬಿಚ್ಚರಿ."

"ಬೂದಿ ಅದರಿ."

"ಇರಲಿ, ಬಿಚ್ಚರಿ."

ಗುರುಲಿಂಗಮ್ಮ ಬಿಚ್ಚಲಿಲ್ಲ. ಬಸವೇಶ್ವರಿ ಅವಳ ಮಣಿಕಟ್ಟು ಹಿಡಿದು ಬೆರಳನ್ನು ಒಂದೊಂದಾಗಿ ಎಬ್ಬಿಸಿದಳು. ಬೂದಿ ಉದುರಿ ಅಂಗೈ ನಡುವೆ ಉಂಡೆ ಕಂಡಿತು. ಅಂಗಳಕ್ಕೆ ಅಂಗಳವೇ ಉಸಿರು ಎಳೆದುಕೊಂಡಿತು.

"ಮಗಳ ಸಲುವಾಗಿ ಮುಚ್ಚಿಟ್ಟಾಳ!" ಎಂದು ಯಾರೋ ಕೂಗಿದರು.

"ಇಲ್ರಿ! ಇಲ್ರಪಾ, ಕೇಳ್ರಿ!" ಗುರುಲಿಂಗಮ್ಮ ಅಂಗಳದ ನಡುವೆ ಮೊಣಕಾಲೂರಿಬಿಟ್ಟಳು. ಇಷ್ಟು ವರ್ಷ ಗಟ್ಟಿಯಾಗಿ ಇಟ್ಟುಕೊಂಡದ್ದೆಲ್ಲ ಕಟ್ಟೆ ಒಡೆದು ಬಂತು. "ಇದು ಹೊಟ್ಟ್ಯಾಗಿಂದಲ್ಲ, ನಾ ಮಾಡಿದ್ದು. ಎಲ್ಲಾರಿಗೂ ನಾನೇ ಹಾಕ್ತೀನಿ, ಬೂದ್ಯಾಗ. ಯಾರ ಹೊಟ್ಟ್ಯಾಗೂ ಮದ್ದಿಲ್ಲ. ಯಾವ ಹೆಣ್ಮಗಳೂ ಹಾಕಿಲ್ಲ. ನೋಡ್ರಿ, ಗಡಿಗಿ ನೋಡ್ರಿ!" ಎಂದು ಬೂದಿಯ ಗಡಿಗೆಯನ್ನು ನೆಲಕ್ಕೆ ಬೋರಲು ಹಾಕಿದಳು. ಬೂದಿಯ ಗುಡ್ಡೆಯಲ್ಲಿ ಇನ್ನೂ ನಾಲ್ಕಾರು ಉಂಡೆಗಳು ಉರುಳಿದವು.

ಮೂಲೆಯಲ್ಲಿ ಕೂತಿದ್ದ ಸುಲೇಪೇಟದ ಅಂಗಡಿಯವನ ಹೆಂಡತಿ ದಡಬಡಿಸಿ ಎದ್ದು ಗಂಡನ ತೋಳು ಹಿಡಿದಳು. "ಕೇಳಿದ್ರ್ಯಾ? ಅಮ್ಮ ಏನಂದ್ರು ಕೇಳಿದ್ರ್ಯಾ? ನಾ ಹಾಕಿಲ್ಲರಿ, ನಾ..." ಗಂಡ ಅವಳ ಕಪಾಳಕ್ಕೆ ಬಾರಿಸಿದ. "ಸುಮ್ಮ ಕುಂದ್ರು. ಮಗಳನ್ನ ಉಳಿಸ್ಕೊಳ್ಳಾಕ ಅಕಿ ಏನರ ಅಂತಾಳ, ನೀ ಸಂದ್ಯಾಗ ಪಾರಾಗಬೇಕಂತೀ ಏನು?"

"ಹೌದವಾ ಗುರುಲಿಂಗವ್ವ," ಎಂದ ಬಸವಂತರಾಯ, ಬೇಸರದಿಂದ ತಲೆ ಆಡಿಸುತ್ತ. "ಕರುಳು ಭಾಳ ಕೆಟ್ಟದ್ದು. ಆದ್ರೂ ದೇವರು ಕೊಟ್ಟ ವಿದ್ಯಾಕ ನೀನೇ ಸುಳ್ಳು ಅನಬಾರದಿತ್ತು. ಇವು ಮಂದಿ ಹೊಟ್ಟ್ಯಾಗಿಂದ ತಗದಿಟ್ಟ ಹಳೀ ಮದ್ದು. ನಮಗ ತಿಳಿಯಲ್ಲೇನು?"

"ಹಳೇವಲ್ಲರಿ, ಮುತ್ಯಾ! ನನ್ನ ಕೂದಲ ಇವು, ನೋಡ್ರಿ!" ಅವಳು ಉಂಡೆ ಒಡೆದು ಎಳೆ ಬಿಡಿಸಿ ಎತ್ತಿ ಹಿಡಿದಳು. "ಬೆಳ್ಳಗವ. ನನ್ನ ಮಗಳ ಕೂದಲ ಕರ್ರಗದ. ಬೆಳಕಿಗಿ ಹಿಡಿದು ನೋಡ್ರಿ ಬೀಗ್ತೇರ, ನಿಮ್ಮ ಕಾಲಿಗಿ ಬೀಳ್ತೀನಿ."

ಬಸವೇಶ್ವರಿ ನಿಜವಾಗಿಯೂ ನೋಡಿದಳು. ಎಳೆ ತೆಗೆದುಕೊಂಡು ಬಿಸಿಲಿಗೆ ಹಿಡಿದಳು, ಬೀಗತಿಯ ನೆತ್ತಿ ನೋಡಿದಳು, ಮತ್ತೆ ಎಳೆ ನೋಡಿದಳು. ಅವಳ ಮುಖದ ಮೇಲೆ ಮೆಲ್ಲಗೆ ಒಂದು ಸಮಾಧಾನ ಹರಡಿತು, ಬಹಳ ದಿನದ ಲೆಕ್ಕ ಕೂಡಿಬಂದವರ ಹಾಗೆ.

"ಖರೇನೇ ಹೇಳಾಕತ್ತಾಳ," ಎಂದಳು ಎಲ್ಲರಿಗೂ ಕೇಳುವಂತೆ. "ಕೂದಲ ಇಕಿದೇ. ತಾಯಿ ಉಂಡಿ ಹೊಸೆದಾಳ, ಮಗಳು ಉಣಿಸ್ಯಾಳ. ಮದ್ದು ತಗಿಯೋದು ಬರ್ತದಂದ್ರ ಹಾಕೋದೂ ಬರ್ತದಲ್ಲ! ನಮಗೇ ತಿಳೀಲಿಲ್ಲ ನೋಡ್ರಿ, ಇಂಥ ಮನಿದು ಹೆಣ್ಣು ತಂದೀವಿ."

ಗುರುಲಿಂಗಮ್ಮ ಇನ್ನು ಏನು ಹೇಳಿದರೂ ಅದು ಮಗಳ ಕೊರಳಿಗೇ ಸುತ್ತಿಕೊಳ್ಳುತ್ತಿತ್ತು. ಹುಚ್ಚು ಹಿಡಿದವಳಂತೆ ಅಳಿಯನ ಕಡೆ ತಿರುಗಿದಳು. "ಅಳಿಯಂದ್ರ, ನೀವರ ಹೇಳ್ರಿ! ಎರಡು ವರ್ಷ ಅಕಿ ಕೈಯಾಗ ಉಂಡೀರಿ."

ಸಿದ್ಧಲಿಂಗ ಹೊಟ್ಟೆ ನೀವಿಕೊಂಡು ಒಂದು ಸಣ್ಣ ತೇಗು ತೇಗಿದ. ಹೆಂಡತಿಯ ಕಡೆ ನೋಡದೆ ಎದ್ದು ಹೋಗಿ ಟಂಟಂನಲ್ಲಿ ಕೂತ.

ಬಸವೇಶ್ವರಿ ಅವನ ಹಿಂದೆ ಹೋದಳು, ಆದರೆ ಹತ್ತಲಿಲ್ಲ. ಹಿಂದಿನ ಸೀಟಿನಿಂದ ಕೆಂಪು ಸೂಟ್‌ಕೇಸ್ ಎಳೆದು ತಂದು ಹೊಸ್ತಿಲ ಮೇಲೆ ಇಟ್ಟಳು. ಅದು ಉಬ್ಬಿ ಬಿರಿಯುವಷ್ಟು ತುಂಬಿತ್ತು. ಬೀಗದ ಪಕ್ಕದಲ್ಲಿ ಮದುವೆ ಸೀರೆಯ ಜರಿಯಂಚು ಸಿಕ್ಕಿ ಹೊರಗೆ ಇಣುಕಿತ್ತು. ಭಂಕೂರದಿಂದ ಹೊರಡುವಾಗಲೇ ಎಲ್ಲ ತುಂಬಿಕೊಂಡು ಬಂದಿದ್ದರು. ಉಂಡೆ ಬಂದಿದ್ದರೂ ಅಷ್ಟೇ, ಬರದಿದ್ದರೂ ಅಷ್ಟೇ.

ಟಂಟಂ ಹೊರಟು ಹೋಯಿತು. ಶಿವರಂಜನಿ ಕೂತಲ್ಲಿಂದ ಎದ್ದಿರಲಿಲ್ಲ, ಪರಾತ ಕೆಳಗಿಟ್ಟಿರಲಿಲ್ಲ. ಅದರ ಮೇಲೆ ನೊಣ ಕೂತಿದ್ದವು. ಅವಳು ತಾಯಿಯನ್ನೇ ನೋಡುತ್ತಿದ್ದಳು.

"ಸೇಡಂದಾಗ ಬಾಳಿಹಣ್ಣು ಮಾರೋ ಆ ಚಿತ್ತಾಪುರದಾಕಿನೂ ಹಿಂಗೇ ಹಿಡಕೊಂಡು ಕುಂತಿದ್ಲೇನವ್ವ?" ಎಂದು ಕೇಳಿದಳು.

ಬೂದಿಯಲ್ಲಿ ಕೈಯೂರಿ ಕೂತಿದ್ದ ಗುರುಲಿಂಗಮ್ಮ ಸಾಲಿನ ಕಡೆ ತಿರುಗಿ ಹೇಳಿದಳು. "ಎಲ್ಲಾರೂ ಮನಿಗಿ ಹೋಗ್ರಿ. ಇನ್ನ ಇಲ್ಲಿ ಯಾರಿಗೂ ಏನೂ ಕೊಡಲ್ಲ."

ಒಬ್ಬರೂ ಏಳಲಿಲ್ಲ. ಮೊದಲಿಗಿಂತ ಒತ್ತೊತ್ತಾಗಿ ಸರಿದು ಕೂತರು. ಬಸವಂತರಾಯ ಕೋಲೂರಿ ಮುಂದೆ ಬಂದು, ಸಿದ್ಧಲಿಂಗ ಕೂತಿದ್ದ ಜಾಗದಲ್ಲೇ ಕೂತು, ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಹಾಕೋದು ತಗಿಯೋದು ಎರಡೂ ಬಲ್ಲಾಕಿ ನೀನು. ಇನ್ನ ಎಲ್ಲಿಗಿ ಹೋಗಬೇಕು ನಾವು? ನನಗೂ ಭಾಳ ದಿನದ ತ್ರಾಸದ, ತಗಿಯವಾ," ಎಂದ. ಹಿಂದೆ ತಿರುಗಿ ಸೊಸೆಗೆ ಕಣ್ಸನ್ನೆ ಮಾಡಿದ.

ಸೊಸೆ ಎದ್ದು ಬಂದು ಶಿವರಂಜನಿಯ ಮುಂದೆ ಕೂತಳು. ಪರಾತದ ಅಂಚಿಗೆ ಕೈ ಹಚ್ಚಿದಳು. ಶಿವರಂಜನಿ ಬಿಡಲಿಲ್ಲ. ಅವಳು ಎಳೆಯಲಿಲ್ಲ, ಇವಳು ಕೊಡಲಿಲ್ಲ. ಇಬ್ಬರ ಕೈಯ ನಡುವೆ ಪರಾತ ಸಣ್ಣಗೆ ಅಲುಗಾಡುತ್ತಿತ್ತು.