ಹುಟ್ಟುವ ಮೊದಲೇ ಶುರುವಾದದ್ದು

ಹೊಲಿಗೆಯವಳಿಗೆ ಮೂರು ಸಲ ಬಸಿರು ನಿಂತು, ಮೂರು ಸಲವೂ ಇಳಿದುಹೋಗಿತ್ತು. ಮೂರನೆಯದಾದ ಮೇಲೆ ಅವಳನ್ನು ತಾಯಿಯ ಮನೆಗೆ ಬಿಟ್ಟುಹೋದ ಗಂಡ ಮತ್ತೆ ಈ ಕಡೆ ತಲೆ ಹಾಕಲಿಲ್ಲ. "ಕಾಲುಮೆಷಿನ್ ತುಳಿದೂ ತುಳಿದೂ ಕೂಸುಗಳನ್ನ ಕಳ್ಕೊಂಡ್ಲು" ಅಂತ ಅತ್ತೆ ಬೀದಿಗೆಲ್ಲ ಸಾರಿದಳು. ಹೊಲಿಗೆಯವಳೂ ಅದನ್ನೇ ನಂಬಿದ್ದಳು.

ತಾಯಿಯ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ತೆರೆದಳು. ಮೆಷಿನ್ನಿಗೆ ಮೋಟಾರು ಹಾಕಿಸಿದಳು. "ದಪ್ಪ ಆಗೋದು ನೀವು, ಬೈಸಿಕೊಳ್ಳೋದು ನನ್ನ ಟೇಪು" ಅಂತ ಗಿರಾಕಿಗಳನ್ನು ನಗಿಸುತ್ತಿದ್ದಳು. ಮಕ್ಕಳ ಬಟ್ಟೆ ತಂದವರನ್ನು ಮಾತ್ರ ಏನೋ ನೆಪ ಹೇಳಿ ಸಾಗಹಾಕುತ್ತಿದ್ದಳು.

ಮಹಡಿಯಲ್ಲಿ ತಮ್ಮನ ಸಂಸಾರ. ಅವನು ಲಿಫ್ಟ್ ರಿಪೇರಿ ಮಾಡುವವನು. ಅವನ ಹೆಂಡತಿ ಬಸುರಿಯಾದಾಗ ಹೊಲಿಗೆಯವಳು ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಮೆಟ್ಟಿಲು ಇಳಿಯುವ ಹಾಗಿಲ್ಲ, ಕೊಡ ಎತ್ತುವ ಹಾಗಿಲ್ಲ. ಅಷ್ಟಾದರೂ ಅದು ನಿಲ್ಲಲಿಲ್ಲ. ಎರಡನೆಯದೂ ಹೋದ ದಿನ, ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದವಳ ಬೆನ್ನ ಹಿಂದೆ ನಿಂತು ಹೊಲಿಗೆಯವಳು ಅಂದುಬಿಟ್ಟಳು:

"ನಿಜ ಹೇಳು. ನಾನಿಲ್ಲದಾಗ ಏನು ಎತ್ತಿದೆ?"

ಅಂದಿನಿಂದ ತಮ್ಮನ ಹೆಂಡತಿ ಅವಳ ಜತೆ ಮಾತು ಬಿಟ್ಟಳು.

ದೊಡ್ಡಾಸ್ಪತ್ರೆಯ ಡಾಕ್ಟ್ರಮ್ಮ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ತೊಂದರೆ ಕಂಡದ್ದು ತಮ್ಮನಲ್ಲಿ. ಅಕ್ಕನ ಕಥೆ ಕೇಳಿದ ಮೇಲೆ ಅವಳನ್ನೂ ಕರೆಸಿಕೊಂಡರು. ಅವಳ ರಕ್ತ ಹೇಳಿದ್ದೂ ಅದನ್ನೇ.

"ನಮ್ಮ ಒಂದೊಂದು ಜೀವಕೋಶದಲ್ಲೂ ವರ್ಣತಂತುಗಳು ಜೋಡಿ ಜೋಡಿಯಾಗಿ ಇರ್ತಾವೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು" ಅಂದರು ಡಾಕ್ಟ್ರಮ್ಮ. "ಅಂಡಾಣು ಆಗಲಿ, ವೀರ್ಯಾಣು ಆಗಲಿ, ತಯಾರಾಗೋವಾಗ ಜೋಡಿಗಳು ಅಕ್ಕಪಕ್ಕ ಕೂತು ಆಮೇಲೆ ಬೇರೆಯಾಗ್ತಾವೆ. ಕೋಶ ಎರಡು ಸಲ ಒಡೆದು, ಕೊನೆಗೆ ಒಂದೊಂದಕ್ಕೂ ಅರ್ಧ ಲೆಕ್ಕ ಉಳಿಯುತ್ತೆ. ನಿಮ್ಮಿಬ್ಬರಲ್ಲಿ ಎರಡು ವರ್ಣತಂತುಗಳ ತುದಿ ಅದಲುಬದಲಾಗಿದೆ. ನಿಮಗೆ ಏನೂ ಕಮ್ಮಿಯಿಲ್ಲ, ಎಲ್ಲ ಒಳಗೇ ಇದೆ. ಆದರೆ ಅರ್ಧ ಮಾಡೋವಾಗ ಎಷ್ಟೋ ಸಲ ಒಂದು ಕಡೆಗೆ ತುಂಡು ಹೆಚ್ಚಾಗಿ ಹೋಗುತ್ತೆ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಅಂಥ ಬಸಿರು ಸಾಮಾನ್ಯವಾಗಿ ನಿಲ್ಲಲ್ಲ."

ಹೊಲಿಗೆಯವಳು ಕೇಳಿದಳು: "ಮೆಷಿನ್ ತುಳಿದಿದ್ದಕ್ಕೆ...?"

"ಮೆಷಿನ್ನಿಗೂ ಇದಕ್ಕೂ ಸಂಬಂಧವೇ ಇಲ್ಲಮ್ಮ. ಹೆಣ್ಣಿನಲ್ಲಿ ಈ ಕೆಲಸ ಶುರುವಾಗೋದೇ ಅವಳಿನ್ನೂ ತಾಯಿ ಹೊಟ್ಟೆಯಲ್ಲಿ ಇರೋವಾಗ. ಅರ್ಧಕ್ಕೆ ನಿಂತು, ವರ್ಷಗಟ್ಟಲೆ ಕಾದಿದ್ದು, ದೊಡ್ಡವಳಾದ ಮೇಲೆ ಮುಂದುವರಿಯುತ್ತೆ. ನೀವೇನು ಮಾಡಿದ್ರೂ ತಪ್ತಿರಲಿಲ್ಲ."

ಹೊರಗೆ ಬಂದವಳಿಗೆ ಹಗುರ ಅನಿಸಲಿಲ್ಲ. ಇಷ್ಟು ವರ್ಷ ತನ್ನನ್ನೇ ಶಪಿಸಿಕೊಂಡಿದ್ದಳು. ಈಗ ಆ ಸಿಟ್ಟನ್ನು ಎಲ್ಲಿಗೆ ಒಯ್ಯಬೇಕೋ ತಿಳಿಯಲಿಲ್ಲ. ಕಾಲು ತಾನಾಗಿ ಹಳೇ ಗಂಡನ ಬಣ್ಣದಂಗಡಿಯ ಕಡೆ ನಡೆಯಿತು.

ಅವನು ಡಬ್ಬಿಯ ಬಣ್ಣ ಕಲಕುತ್ತ ಪೂರ್ತಿ ಕೇಳಿಸಿಕೊಂಡ. ಕೋಲನ್ನು ಡಬ್ಬಿಯ ಅಂಚಿಗೆ ಒರೆಸಿ, "ಅಂದ್ರೆ ನಿನ್ನಲ್ಲೇ ಇತ್ತು ಅಂತಾಯ್ತಲ್ಲ. ನಮ್ಮಮ್ಮ ಹೇಳಿದ್ದೂ ಅದೇ ತಾನೇ?" ಅಂದ.

ಗಿರಾಕಿ ಬಂದರು. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಹಾಗೇ ಬೀದಿಗಿಳಿದಳು.

ಮನೆಯಲ್ಲಿ ತಾಯಿ ಬಟ್ಟೆ ಮಡಚುತ್ತಿದ್ದಳು. "ನಿನ್ನ ರಕ್ತಾನೂ ನೋಡಬೇಕಂತೆ ಅಮ್ಮ. ಅಪ್ಪನಿಂದ ಬಂತೋ ನಿನ್ನಿಂದ ಬಂತೋ ಗೊತ್ತಾಗುತ್ತೆ."

"ನಾನು ಕೊಡಲ್ಲ."

"ಯಾಕೆ?"

ತಾಯಿ ಕೈಯಲ್ಲಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದಳು. "ನಿನಗಿಂತ ಮುಂಚೆ ಒಂದು ಹೋಯ್ತು. ನೀನು, ನಿನ್ನ ತಮ್ಮ, ಇಬ್ಬರ ಮಧ್ಯೆ ಇನ್ನೆರಡು. ಯಾರಿಗೂ ಹೇಳಲಿಲ್ಲ. ನಿಮ್ಮಪ್ಪ ಹೋದವರು ಹೋದರು, ಅವರದು ಅಂತಾದ್ರೆ ಬೈಯೋಕೆ ಅವರಿಲ್ಲ. ನನ್ನದೇ ಅಂತಾದ್ರೆ, ಈ ವಯಸ್ಸಲ್ಲಿ ನಿಮ್ಮಿಬ್ಬರ ಮುಖ ಹ್ಯಾಗೆ ನೋಡ್ಲಿ?"

"ನಿನ್ನದು ತಪ್ಪಲ್ಲಮ್ಮ ಅದು."

"ಗೊತ್ತು ಕಣೇ. ಆದ್ರೂ ಬೇಡ."

ಅಂದೇ ಹೊಲಿಗೆಯವಳು ಮಹಡಿ ಹತ್ತಿದಳು. ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತಳು.

"ಅವತ್ತು ನಾನು ಆಡಿದ ಮಾತು ತಪ್ಪಾಯ್ತು. ನನಗೆ ಅಂದಿದ್ದನ್ನೇ ತಂದು ನಿನ್ನ ಮೇಲೆ ಸುರಿದೆ."

"ನಿಮಗೆ ಅದು ಹ್ಯಾಗಿರುತ್ತೆ ಅಂತ ಗೊತ್ತಿತ್ತಲ್ಲ ಅಕ್ಕ. ಗೊತ್ತಿದ್ದೂ ಅಂದ್ರಿ."

ಬಾಗಿಲು ಮುಚ್ಚಿಕೊಂಡಿತು.

ಸರಿಯಾಗಿ ಹಂಚಿಕೆಯಾದ ಮಗುವೂ ಹುಟ್ಟಬಹುದು, ಆದರೆ ಮಾತು ಕೊಡಲಾರೆ ಅಂದಿದ್ದರು ಡಾಕ್ಟ್ರಮ್ಮ. ಮಾರನೆಯ ವರ್ಷ ತಮ್ಮ, ಅವನ ಹೆಂಡತಿ ಇನ್ನೊಮ್ಮೆ ಧೈರ್ಯ ಮಾಡಿದರು. ಆ ಬಸಿರೂ ನಿಲ್ಲಲಿಲ್ಲ. ತಮ್ಮ ಯಾವುದೋ ಕಟ್ಟಡದ ಲಿಫ್ಟ್ ಗುಂಡಿಯೊಳಗೆ ಇಳಿದಿದ್ದ, ಫೋನು ಸಿಗಲಿಲ್ಲ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ಹೊಲಿಗೆಯವಳೇ. ಏನೂ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

ಮಧ್ಯಾಹ್ನದ ಹೊತ್ತಿಗೆ ತಮ್ಮನ ಹೆಂಡತಿ ಕಣ್ಣು ಬಿಟ್ಟಳು. "ಇನ್ನು ಸಾಕು ಅಕ್ಕ. ಅವರಿಗೂ ಹೇಳಿಬಿಡ್ತೀನಿ."

"ಹೂಂ."

ಅವಳು ಈ ಕಡೆ ಹೊರಳಿ ಕೇಳಿದಳು: "ನಿಮ್ಮ ಮೂರರಲ್ಲಿ ಯಾವುದಕ್ಕಾದ್ರೂ ಹೆಸರು ಯೋಚನೆ ಮಾಡಿದ್ರಾ?"

ಇದುವರೆಗೆ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಹೊಲಿಗೆಯವಳು ಅಕ್ಕಪಕ್ಕದ ಮಂಚಗಳ ಕಡೆ ನೋಡಿ, ಬಗ್ಗಿ, ಮೂರೂ ಹೆಸರುಗಳನ್ನು ಅವಳ ಕಿವಿಯಲ್ಲಿ ಹೇಳಿದಳು.

"ಎರಡನೇದು ಚೆನ್ನಾಗಿದೆ" ಅಂದಳು ಮಲಗಿದ್ದವಳು, ಕಣ್ಣು ಮುಚ್ಚಿಕೊಂಡೇ.