ಕೊನೆಯ ನುಡಿಯಲ್ಲಿ ಯಾರ ಹೆಸರು

ನಾನು ಒಂದು ಮೈಕು. ದೂರದ ಊರಿನ ತಗಡಿನ ಶೆಡ್ಡಿನಲ್ಲಿ ನನ್ನನ್ನು ಜೋಡಿಸಿದ ಹೆಂಗಸು, ಕೆಲಸ ಮುಗಿದ ಮೇಲೆ ನನ್ನೊಳಗೆ ಒಮ್ಮೆ ಕೆಮ್ಮಿದಳು. ನಾನು ಕೇಳಿದ ಮೊದಲ ಮನುಷ್ಯದನಿ ಅದು.

ಕೆಲವು ವರ್ಷ ರಾಯಬಾಗದ ಕಡೆಯ ಪ್ರಚಾರದ ಆಟೋದಲ್ಲಿದ್ದೆ. ಸೀರೆ ಮಾರಾಟ, ಕಳೆದುಹೋದ ಎಮ್ಮೆ, ನೀರು ಬಿಡುವ ಹೊತ್ತು, ಏನು ಹೇಳಿದರೂ ಕೂಗಿದೆ. ಆಮೇಲೆ ಆಟೋದವನು ನನ್ನನ್ನು ರೇವಪ್ಪನಿಗೆ ಕೊಟ್ಟ.

ರೇವಪ್ಪನದು ಟೈರ್ ಅಂಗಡಿಯ ಮಹಡಿಯ ಮೇಲೊಂದು ಸ್ಟುಡಿಯೋ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದಿದ್ದ. ಗುಟ್ಕಾ ತುಂಬಿದ ಬಾಯನ್ನು ನನಗೇ ಒತ್ತಿ 'ಹಲೋ, ಹಲೋ' ಎನ್ನುತ್ತಿದ್ದ. ಅವನ ಹಾಡುಗಳಾದರೂ ಎಂಥವು? ಅತ್ತಿಗೆಯ ನಡು, ಕಾಲೇಜು ಹುಡುಗಿಯ ನಡಿಗೆ. ಹಾಡುವವರು ನಡುವೆ ನಿಲ್ಲಿಸಿ ಹಲ್ಕಿರಿಯುತ್ತಿದ್ದರು. ನನಗೆ ಕಿವಿಯಿದೆ, ಮುಚ್ಚಿಕೊಳ್ಳಲು ಕೈಯಿಲ್ಲ.

ಒಂದು ದಿನ ಬೌರವ್ವ ಬಂದಳು. ಕರಿಹಟ್ಟಿಯವಳು, ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವವಳು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದಿದ್ದಳು. ಕಟ್ಟೆಯ ಮೇಲೆ ಕೂತು ಹೋಗಿಬರುವ ಹೆಣ್ಣುಮಕ್ಕಳನ್ನು ದಿಟ್ಟಿಸುವ ಗಂಡಸರನ್ನು ಬೈದು, ತಾನೇ ಹಾಡು ಕಟ್ಟಿದ್ದಳು. ನಮ್ಮ ಕಡೆ ಹಾಡು ಕಟ್ಟಿದವರ ಹೆಸರು, ಊರು ಕೊನೆಯ ನುಡಿಯಲ್ಲಿ, ಎಂದರೆ ಕೊನೆಯ ಚರಣದಲ್ಲಿ, ಬರಲೇಬೇಕು. ಬೌರವ್ವನೂ ಸೇರಿಸಿದ್ದಳು. ತನ್ನ ಹೆಸರು ಬಂದಾಗ ನನ್ನ ಹತ್ತಿರಕ್ಕೆ ಸರಿದಳು.

ಅವಳು ಹೋದ ಮೇಲೆ ರೇವಪ್ಪ ಆ ನುಡಿಯನ್ನು ಕತ್ತರಿಸಿದ. ಅದೇ ಧಾಟಿಯಲ್ಲಿ 'ರೇವಪ್ಪ ಕಟ್ಟಿದ ಹಾಡ' ಎಂದು ತಾನೇ ಹಾಡಿ ಅಂಟಿಸಿದ. ಹಾಡಿದ್ದು ನನ್ನೊಳಗೇ. ನಾನೂ ಚಾಚೂ ತಪ್ಪದೆ ಹಿಡಿದುಕೊಟ್ಟೆ. ಅವನಿಗಿಂತ ಹೆಚ್ಚಾಗಿ ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

ಹಾಡು ಯೂಟ್ಯೂಬಿನಲ್ಲಿ ಹತ್ತೇ ದಿನಕ್ಕೆ ಮೊದಲನೇ ಸ್ಥಾನಕ್ಕೆ ಬಂತು. ಬೆನ್ನಿಗೇ ಇನ್ನೂ ನಾಲ್ವರು ಹೆಂಗಸರು ತಮ್ಮ ಹಾಡು ತಂದರು. ಆ ವರ್ಷ ಜಾನಪದದ ಪಟ್ಟಿಯಲ್ಲಿ ಮೊದಲ ಐದೂ ಹೆಣ್ಣುಮಕ್ಕಳ ಹಾಡೇ. ಐದರ ಕೊನೆಯ ನುಡಿಯಲ್ಲೂ ರೇವಪ್ಪನ ಹೆಸರೇ.

ಕಬ್ಬಿನ ಟ್ರ್ಯಾಕ್ಟರೊಂದರಲ್ಲಿ ತನ್ನ ಹಾಡು ಕೇಳಿದ ಬೌರವ್ವ ನೇರ ಸ್ಟುಡಿಯೋಕ್ಕೆ ಬಂದು, ತನ್ನ ಹೆಸರೆಲ್ಲಿ ಎಂದು ಕೇಳಿದಳು.

"ಹೆಣ್ಮಕ್ಕಳ ಹೆಸರ ಟ್ರ್ಯಾಕ್ಟರದಾಗ ಒದರಿದ್ರ ಚೊಲೊ ಕಾಣ್ತೈತೇನ ತಂಗಿ? ನಿನ್ನ ಮಾನಾ ನಾ ಕಾಯ್ದೀನಿ," ಎಂದ ರೇವಪ್ಪ.

"ದನಿ ಒದರಿದ್ರ ಉಳಿಯು ಮಾನಾ, ಹೆಸರ ಒದರಿದ್ರ ಹೋಗ್ತೈತೇನಣ್ಣಾ?"

ಅವನು ನಕ್ಕು, ಚಹಾ ತರಿಸಿದ. ಅವಳು ಕುಡಿಯಲಿಲ್ಲ.

ಅಷ್ಟರಲ್ಲಿ ಮಹಿಳಾ ಸಂಘಗಳ ಸಮಾವೇಶಕ್ಕೆ ಕರೆ ಬಂತು. ಹಾಡಿದವಳೇ ಬಂದು ಹಾಡಬೇಕೆಂದರು. ರೇವಪ್ಪ ಒಪ್ಪಿ, ಕೊನೆಯ ನುಡಿ ರೆಕಾರ್ಡಿನಲ್ಲಿ ಇದ್ದ ಹಾಗೆಯೇ ಇರಬೇಕು ಎಂದು ದಾರಿಯುದ್ದಕ್ಕೂ ಅವಳಿಗೆ ಬಾಯಿಪಾಠ ಮಾಡಿಸಿದ. ಅವಳು ಹೂಂ ಎನ್ನುತ್ತ ಹೋದಳು. ಅಲ್ಲಿ ರೇವಪ್ಪ ನನ್ನನ್ನು ತಾನೇ ಒರೆಸಿ ಅವಳ ಕೈಗಿಟ್ಟು, ವೇದಿಕೆಯ ಮುಂದಿನ ಸಾಲಿನಲ್ಲಿ ಕೂತ. ಅವಳು ನಾಲ್ಕು ನುಡಿ ಸರಾಗ ಹಾಡಿ, ಐದನೆಯದಕ್ಕೆ ಉಸಿರೆಳೆದುಕೊಂಡಳು.

"ಕರಿಹಟ್ಟಿ ಊರಾಗ ಬೌರವ್ವ ಕಟ್ಟೀದ ಹಾಡ,
ಕದ್ದಂವ ರೇವಪ್ಪ, ಮುಂದ ಕುಂತಾನ ನೋಡ."

ಸಾವಿರ ಹೆಂಗಸರು ಮುಂದಿನ ಸಾಲಿಗೆ ಕತ್ತು ಚಾಚಿದರು. ಬೌರವ್ವ ಅದೇ ನುಡಿಯನ್ನು ಮತ್ತೆ ಹಾಡಿದಳು. ಈ ಸಲ ಅವರೂ ದನಿಗೂಡಿಸಿದರು. ಹುಟ್ಟಿದಾಗಿನಿಂದ ಅಂದೊಂದು ದಿನ ನನ್ನ ಕೆಲಸ ನನಗೆ ಹಿಡಿಸಿತ್ತು.

ಅವಳು ವೇದಿಕೆಯಿಂದ ಕೆಳಗಿಳಿದ ಕೂಡಲೇ ರೇವಪ್ಪ ನನ್ನನ್ನು ಕಿತ್ತುಕೊಂಡು ಸಿಮೆಂಟಿನ ನೆಲಕ್ಕೆ ಅಪ್ಪಳಿಸಿದ. ಈಗ ಸ್ಟುಡಿಯೋದ ಮೂಲೆಯಲ್ಲಿ, ಸತ್ತ ವೈರುಗಳ ಡಬ್ಬಿಯಲ್ಲಿದ್ದೇನೆ. ಬೌರವ್ವ, ಆ ನಾಲ್ವರು ಹೆಂಗಸರು, ಐವರೂ ಇಲ್ಲಿಗೆ ಬರುವುದಿಲ್ಲ; ಬೇರೆ ಕಡೆ ತಮ್ಮ ತಮ್ಮ ಹೆಸರಿಟ್ಟೇ ಹಾಡುತ್ತಾರಂತೆ.

ರೇವಪ್ಪ ನಾಚಿ ಊರು ಬಿಟ್ಟಾನೆಂದು ನಾನೂ ಎಣಿಸಿದ್ದೆ. ಬಿಡಲಿಲ್ಲ. ಸಮಾವೇಶದ ಆ ವಿಡಿಯೋವನ್ನು ತನ್ನ ಚಾನೆಲ್ಲಿಗೇ ಏರಿಸಿದ; ಅದೂ ಮೊದಲನೇ ಸ್ಥಾನಕ್ಕೆ ಬಂತು. ಬಂದವರಿಗೆಲ್ಲ ಹಾಕಿ ತೋರಿಸುತ್ತಾನೆ. 'ಕದ್ದಂವ' ಎಂಬಲ್ಲಿಗೆ ಬಂದಾಗ ತೊಡೆ ತಟ್ಟಿ ಹೇಳುತ್ತಾನೆ:

"ಕೇಳ್ರಿ, ಕೇಳ್ರಿ, ಈಗ ನನ್ನ ಹೆಸರ ಬರತೈತಿ."